ಬಾರದ ಪ್ರಳಯದ ಸುದ್ದಿ

1999ರ ಡಿಸೆಂಬರ್ 31ರಂದು ಅಮೆರಿಕದ ಷಿಕಾಗೊ ನಗರದಿಂದ ಲಂಡನ್ನಿಗೆ ಹೊರಟ ವಿಮಾನವೊಂದರಲ್ಲಿ ಪೀಟರ್ ಡಿ ಯಾಗರ್ ಎಂಬ ಪ್ರಯಾಣಿಕರಿದ್ದರು. ಆ ರಾತ್ರಿ ವಿಮಾನ ಹತ್ತಲು ಎಷ್ಟೋ ಜನ ಹಿಂಜರಿದಿದ್ದರು. ಗಡಿಯಾರ ಹನ್ನೆರಡು ಹೊಡೆದ ಕೂಡಲೇ ಕಂಪ್ಯೂಟರುಗಳು ಇಸವಿಯ ಲೆಕ್ಕ ತಪ್ಪಿ, ವಿಮಾನಗಳು ಆಕಾಶದಿಂದ ಉದುರುತ್ತವೆ ಎಂಬ ಮಾತು ಊರೂರಿಗೂ ಹಬ್ಬಿತ್ತು. 2000ನೇ ಇಸವಿಯಿಂದ ಕಂಪ್ಯೂಟರುಗಳಿಗೆ ಗಂಡಾಂತರವಿದೆ ಎಂದು ಜಗತ್ತಿಗೆ ಗಟ್ಟಿಯಾಗಿ ಕೂಗಿ ಹೇಳಿದವರಲ್ಲಿ ಪ್ರಮುಖರು ಇದೇ ಡಿ ಯಾಗರ್! ಅವರೇ ಈಗ, ವಿಮಾನ ಬೀಳುವುದಿಲ್ಲ ಎಂದು ತೋರಿಸಲು ಆಕಾಶದಲ್ಲಿ ಕುಳಿತಿದ್ದರು.

ವಿಮಾನ ಸುಖವಾಗಿ ಇಳಿಯಿತು. ದೀಪಗಳು ಆರಲಿಲ್ಲ, ಬ್ಯಾಂಕುಗಳು ಮುಳುಗಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಪತ್ರಿಕೆ ಬಿಡಿಸಿದ ಜನ ಕೇಳಿದ್ದು ಒಂದೇ ಪ್ರಶ್ನೆ: ‘ಹಾಗಾದರೆ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳೇ?’

ಕಾಲು ಶತಮಾನ ಕಳೆದಿದ್ದರೂ ಈ ಪ್ರಶ್ನೆ ಹಳತಾಗಿಲ್ಲ. ಕಂಪ್ಯೂಟರಿನ ಬಗ್ಗೆ ದಿನಕ್ಕೊಂದು ಭಯದ ಸುದ್ದಿ ಮೊಬೈಲಿಗೆ ಬಂದು ಬೀಳುವ ಈ ದಿನಗಳಲ್ಲಿ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಇದಕ್ಕೆ ಉತ್ತರ ಹುಡುಕಬೇಕಾಗಿದೆ.

ಎರಡು ಅಂಕಿಗಳ ಉಳಿತಾಯ

‘ವೈ ಟು ಕೆ’ ಎಂದು ಹೆಸರಾದ ಆ ಸಮಸ್ಯೆಯ ಮೂಲ ಬಹಳ ಸರಳ. ಶಾಲೆಯ ನೋಟುಬುಕ್ಕಿನಲ್ಲಿ ಮಕ್ಕಳು 15-8-75 ಎಂದು ತಾರೀಖು ಬರೆಯುವುದುಂಟು. 75 ಎಂದರೆ 1975 ಎಂದು ಓದುವವರಿಗೆ ಗೊತ್ತು. ಕಂಪ್ಯೂಟರಿಗೂ ಹಾಗೆಯೇ ಎರಡೇ ಅಂಕಿಗಳಲ್ಲಿ ಇಸವಿಯನ್ನು ಹೇಳಿಕೊಡಲಾಗಿತ್ತು.

ಇದು ಸೋಮಾರಿತನವಲ್ಲ, ಉಳಿತಾಯ. ಆ ಕಾಲದಲ್ಲಿ ಮಾಹಿತಿಯನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಕಂಪ್ಯೂಟರಿಗೆ ಊಡಿಸುತ್ತಿದ್ದರು. ಐ.ಬಿ.ಎಂ. ಕಾರ್ಡೊಂದರಲ್ಲಿ ಹಿಡಿಸುತ್ತಿದ್ದುದು 80 ಅಕ್ಷರಗಳು ಮಾತ್ರ. ಹೆಸರು, ವಿಳಾಸ, ಸಂಬಳ ಎಲ್ಲವೂ ಅದರೊಳಗೇ ಅಡಕವಾಗಬೇಕು. 1959ರಲ್ಲಿ ಬಂದ ಐ.ಬಿ.ಎಂ. 1401 ಎಂಬ ಜನಪ್ರಿಯ ಕಂಪ್ಯೂಟರಿನ ಅತಿ ಚಿಕ್ಕ ಮಾದರಿಯ ಸ್ಮೃತಿಯಲ್ಲಿ 1,400 ಅಕ್ಷರಗಳಿಗಷ್ಟೇ ಜಾಗವಿತ್ತು. ಈ ಲೇಖನದ ಮೊದಲ ಕೆಲವು ಪ್ಯಾರಾಗಳಿಗೇ ಅದು ತುಂಬಿಹೋಗುತ್ತಿತ್ತು! ಹೀಗಿರುವಾಗ ಪ್ರತಿ ತಾರೀಖಿನಲ್ಲೂ ‘19’ ಎಂಬ ಎರಡು ಅಂಕಿಗಳನ್ನು ಉಳಿಸುವುದು ಜಾಣತನವೇ ಆಗಿತ್ತು. ಆ ಪ್ರೋಗ್ರಾಮುಗಳು ಮೂವತ್ತು ನಲವತ್ತು ವರ್ಷ ಬಾಳುತ್ತವೆ ಎಂದು ಬರೆದವರಾರೂ ಎಣಿಸಿರಲಿಲ್ಲ.

ತೊಡಕು ಎಲ್ಲಿ ಬರುತ್ತದೆಂದು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬಹುದು. 1975ರಲ್ಲಿ ಹುಟ್ಟಿದವರಿಗೆ 1999ರಲ್ಲಿ ಎಷ್ಟು ವಯಸ್ಸು? 99ರಲ್ಲಿ 75 ಕಳೆದರೆ 24. ಉತ್ತರ ಸರಿ. 2000ದಲ್ಲಿ ಎಷ್ಟು? 00ಯಲ್ಲಿ 75 ಕಳೆದರೆ ಮೈನಸ್ 75! ಅಂದರೆ ಆ ವ್ಯಕ್ತಿ ಹುಟ್ಟಲು ಇನ್ನೂ 75 ವರ್ಷ ಬೇಕು. ಬಡ್ಡಿ, ಪಿಂಚಣಿ, ವಿಮೆ, ಔಷಧಿಯ ಅವಧಿ ಹೀಗೆ ತಾರೀಖನ್ನು ಕೂಡಿ ಕಳೆಯುವ ಎಲ್ಲ ಕಡೆಯೂ ಇದೇ ತಪ್ಪು ಅಡಗಿ ಕುಳಿತಿತ್ತು.

ಮೆಲುದನಿ ಯಾರಿಗೂ ಕೇಳಲಿಲ್ಲ

ತಪ್ಪನ್ನು ಮೊದಲು ಕಂಡವರು ಡಿ ಯಾಗರ್ ಅಲ್ಲ. ಐ.ಬಿ.ಎಂ.ನಲ್ಲಿ ದುಡಿದಿದ್ದ ಬಾಬ್ ಬೆಮರ್ ಎಂಬ ತಜ್ಞರು 1971ರಲ್ಲಿ ಒಮ್ಮೆ, 1979ರಲ್ಲಿ ಇನ್ನೊಮ್ಮೆ ಇದರ ಬಗ್ಗೆ ಲೇಖನ ಬರೆದು ಎಚ್ಚರಿಸಿದ್ದರು. ಕಂಪ್ಯೂಟರುಗಳಲ್ಲಿ ಅಕ್ಷರಗಳನ್ನು ಸಂಕೇತಿಸುವ ‘ಆಸ್ಕಿ’ ಪದ್ಧತಿಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಅಂಥವರ ಮಾತಿಗೂ ಯಾರೂ ಕಿವಿಗೊಡಲಿಲ್ಲ. ಇಪ್ಪತ್ತು ವರ್ಷ ಮುಂದಿನ ತೊಂದರೆಗೆ ಇಂದು ಹಣ ಖರ್ಚು ಮಾಡುವವರು ಯಾರು?

ಕೆನಡಾದಲ್ಲಿದ್ದ ಡಿ ಯಾಗರ್ 1993ರ ಸೆಪ್ಟೆಂಬರಿನಲ್ಲಿ ‘ಕಂಪ್ಯೂಟರ್‌ವರ್ಲ್ಡ್’ ಪತ್ರಿಕೆಗೆ ಬರೆದ ಲೇಖನದ ಹೆಸರು ‘ಡೂಮ್ಸ್‌ಡೇ 2000’. ಎಂದರೆ ಪ್ರಳಯದ ದಿನ! ವಿಷಯ ಹಳೆಯದೇ, ಆದರೆ ತಲೆಬರಹ ಹೊಸದು. ಅವರು ಊರೂರು ತಿರುಗಿ ಭಾಷಣ ಮಾಡಿದರು. ಕಂಪನಿಗಳು ಕಣ್ಣು ತೆರೆದವು, ಸರ್ಕಾರಗಳು ಸಮಿತಿ ರಚಿಸಿದವು, ದುರಸ್ತಿ ಶುರುವಾಯಿತು.

ಆದರೆ ‘ಪ್ರಳಯ’ ಎಂಬ ಪದಕ್ಕೆ ತನ್ನದೇ ಕಾಲುಗಳಿವೆ. ಬಡ್ಡಿಯ ಲೆಕ್ಕ ತಪ್ಪುತ್ತದೆ ಎಂಬ ಸುದ್ದಿಯನ್ನು ಯಾರು ಓದುತ್ತಾರೆ? ವಿಮಾನ ಬೀಳುತ್ತದೆ ಎಂದರೆ ಎಲ್ಲರೂ ಓದುತ್ತಾರೆ. 1999ರ ಜನವರಿಯಲ್ಲಿ ಅಮೆರಿಕದ ‘ಟೈಮ್’ ವಾರಪತ್ರಿಕೆ ಜಗತ್ತೇ ಮುಗಿಯಿತೇ ಎಂಬರ್ಥದ ಮುಖಪುಟವನ್ನು ಅಚ್ಚು ಹಾಕಿತು. ಜನ ಡಬ್ಬಿಯ ಆಹಾರ, ನೀರು, ಮೇಣದಬತ್ತಿ ಕೂಡಿಟ್ಟರು. ಹೆದರಿದ ಜನ ಬ್ಯಾಂಕಿನಿಂದ ಹಣ ಹಿಂತೆಗೆದಾರೆಂದು ಅಮೆರಿಕದ ಕೇಂದ್ರ ಬ್ಯಾಂಕು ಹೆಚ್ಚುವರಿ ನೋಟುಗಳನ್ನು ಸಿದ್ಧವಾಗಿಟ್ಟುಕೊಂಡಿತು. ದುರಸ್ತಿಯ ಬಹುಪಾಲು ಮುಗಿಯುತ್ತಿದೆ, ಪ್ರಳಯವೇನೂ ಆಗದು ಎಂದು ಡಿ ಯಾಗರ್ ಆ ವರ್ಷ ಹೇಳತೊಡಗಿದರು. ಆದರೆ ಸಮಾಧಾನದ ಮಾತಿಗೆ ಭಯದಷ್ಟು ದೊಡ್ಡ ಅಕ್ಷರ ಸಿಗಲಿಲ್ಲ.

ಬೆಂಗಳೂರಿನ ಪಾಲು

ಆ ದುರಸ್ತಿ ನಡೆದದ್ದಾದರೂ ಹೇಗೆ? ಅದರಲ್ಲಿ ಮಾಯಮಂತ್ರವಿರಲಿಲ್ಲ. ‘ಕೋಬಾಲ್’ ಮುಂತಾದ ಹಳೆಯ ಭಾಷೆಗಳಲ್ಲಿದ್ದ ಲಕ್ಷಾಂತರ ಸಾಲುಗಳ ತಂತ್ರಾಂಶವನ್ನು ಒಂದೊಂದಾಗಿ ಓದಬೇಕು. ತಾರೀಖು ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಬೇಕು. ಒಬ್ಬ ಪ್ರೋಗ್ರಾಮರ್ ಅದಕ್ಕೆ ಒಂದು ಹೆಸರು ಕೊಟ್ಟಿದ್ದರೆ ಇನ್ನೊಬ್ಬ ಇನ್ನೊಂದು ಹೆಸರು ಕೊಟ್ಟಿರುತ್ತಿದ್ದ. ಸಿಕ್ಕಮೇಲೆ ಎರಡು ದಾರಿ. ಒಂದು, ಇಸವಿಯನ್ನು ನಾಲ್ಕು ಅಂಕಿಗಳಿಗೆ ಹಿಗ್ಗಿಸುವುದು. ಇದು ಸರಿಯಾದ ಮದ್ದು, ಆದರೆ ದುಬಾರಿ. ಇನ್ನೊಂದು, ಒಂದು ಗಡಿ ಹಾಕುವುದು. ಉದಾಹರಣೆಗೆ, 30ಕ್ಕಿಂತ ಕಡಿಮೆಯಿದ್ದರೆ 2000ದ ಸಾಲಿನದು, ಹೆಚ್ಚಿದ್ದರೆ 1900ರ ಸಾಲಿನದು ಎಂದು ಕಂಪ್ಯೂಟರಿಗೆ ಹೇಳಿಕೊಡುವುದು. ಇದು ಅಗ್ಗ, ಆದರೆ ತೊಂದರೆಯನ್ನು ಮುಂದೂಡಿದಂತೆ ಅಷ್ಟೆ. ಯಾವುದನ್ನು ಮಾಡಿದರೂ ಕೊನೆಗೆ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು.

ಇಷ್ಟು ಕೆಲಸಕ್ಕೆ ಅಮೆರಿಕ, ಯುರೋಪುಗಳಲ್ಲಿ ಕೈಗಳು ಸಾಲದಾದವು. ಕೆಲಸ ಭಾರತಕ್ಕೆ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳು ಅದರಲ್ಲಿ ದೊಡ್ಡ ಪಾಲು ಪಡೆದವು. ಹಳೆಯದಾಗಿ ಮೂಲೆ ಸೇರುತ್ತಿದ್ದ ಕೋಬಾಲ್ ಭಾಷೆಯನ್ನು ಕಲಿಯಲು ಎಂಜಿನಿಯರಿಂಗ್ ಪದವೀಧರರು ತರಬೇತಿ ಕೇಂದ್ರಗಳಿಗೆ ಮುಗಿಬಿದ್ದರು. ಹೊರದೇಶದ ಬ್ಯಾಂಕಿನ ಬಡ್ಡಿ ಲೆಕ್ಕವನ್ನು ಇಲ್ಲಿನ ಹುಡುಗ ಹುಡುಗಿಯರು ರಾತ್ರಿಯೆಲ್ಲ ಕುಳಿತು ಸರಿಪಡಿಸಿದರು. ಭಾರತದವರು ಈ ಕೆಲಸ ಅಚ್ಚುಕಟ್ಟಾಗಿ ಮಾಡಬಲ್ಲರು ಎಂಬ ನಂಬಿಕೆ ಹೊರದೇಶಗಳಲ್ಲಿ ಬೇರೂರಲು ಅದೂ ಒಂದು ಕಾರಣ. ಜಗತ್ತಿನಾದ್ಯಂತ ದುರಸ್ತಿಗೆ 300ರಿಂದ 600 ಶತಕೋಟಿ ಡಾಲರ್ ಬೇಕಾಗಬಹುದು ಎಂದು ಗಾರ್ಟ್ನರ್ ಸಂಸ್ಥೆ ಅಂದಾಜು ಮಾಡಿತ್ತು.

ಮಧ್ಯರಾತ್ರಿಯ ಬಳಿಕ

ಏನೂ ಆಗಲೇ ಇಲ್ಲವೇ? ಆಯಿತು, ಆದರೆ ಟಿ.ವಿ. ಕ್ಯಾಮೆರಾಗಳು ಕಾದು ಕುಳಿತ ಕಡೆ ಆಗಲಿಲ್ಲ. ಅಮೆರಿಕದಲ್ಲಿ ಅಧಿಕೃತ ಸಮಯ ತಿಳಿಸುವ ನೌಕಾ ವೀಕ್ಷಣಾಲಯದ ಅಂತರಜಾಲ ತಾಣದಲ್ಲಿ ಇಸವಿ ‘19100’ ಎಂದು ಮೂಡಿತು. ನ್ಯೂಯಾರ್ಕ್ ರಾಜ್ಯದಲ್ಲಿ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಪಡೆದಿದ್ದ ಗಿರಾಕಿಯೊಬ್ಬರು ಅದನ್ನು ನೂರು ವರ್ಷ ತಡವಾಗಿ ಹಿಂದಿರುಗಿಸಿದ್ದಾರೆಂದು ಅಂಗಡಿಯ ಕಂಪ್ಯೂಟರು 91,250 ಡಾಲರ್ ಬಿಲ್ಲು ಹಾಕಿತು! ಜಪಾನಿನ ಅಣುಸ್ಥಾವರವೊಂದರಲ್ಲಿ ವಿಕಿರಣದ ಮಾಹಿತಿ ಕೊಡುವ ಉಪಕರಣ ಕೈಕೊಟ್ಟಿತು, ಅಪಾಯವಾಗಲಿಲ್ಲ.

ನಗು ತರಿಸದ ಪ್ರಸಂಗವೂ ಉಂಟು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ, ಹುಟ್ಟುವ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವವೆಷ್ಟು ಎಂದು ಲೆಕ್ಕ ಹಾಕುತ್ತಿದ್ದ ಕಂಪ್ಯೂಟರು ತಾಯಂದಿರ ವಯಸ್ಸನ್ನೇ ತಪ್ಪಾಗಿ ಎಣಿಸಿತು. ಈ ಲೆಕ್ಕದಲ್ಲಿ ತಾಯಿಯ ವಯಸ್ಸು ಬಹಳ ಮುಖ್ಯ. 150ಕ್ಕೂ ಹೆಚ್ಚು ಗರ್ಭಿಣಿಯರಿಗೆ ತಪ್ಪು ವರದಿ ಹೋಯಿತು. ಅಪಾಯವಿಲ್ಲ ಎಂದು ಕೇಳಿ ನೆಮ್ಮದಿಯಿಂದಿದ್ದ ತಾಯಂದಿರೂ ಅವರಲ್ಲಿದ್ದರು. ಈ ತಪ್ಪು ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲಿಲ್ಲ. ಜನವರಿ ಒಂದರ ರಾತ್ರಿ ವಿಮಾನಗಳನ್ನು ಎಣಿಸುತ್ತಿದ್ದ ಸುದ್ದಿಗಾರರು ಆ ಹೊತ್ತಿಗೆ ಬೇರೆ ಸುದ್ದಿಯ ಬೆನ್ನು ಹತ್ತಿ ಹೋಗಿದ್ದರು.

ಇಲ್ಲಿ ಒಂದು ಆಕ್ಷೇಪಣೆಯನ್ನೂ ಕೇಳಬೇಕು. ಇಟಲಿ, ರಷ್ಯದಂಥ ದೇಶಗಳು ಕಡಿಮೆ ಖರ್ಚು ಮಾಡಿದರೂ ಅಲ್ಲಿ ಅನಾಹುತವಾಗಲಿಲ್ಲವಲ್ಲ? ನ್ಯಾಯವಾದ ಪ್ರಶ್ನೆಯೇ. ಅಲ್ಲಿ ಕಂಪ್ಯೂಟರಿನ ಮೇಲಿನ ಅವಲಂಬನೆ ಅಮೆರಿಕದಷ್ಟು ಇರಲಿಲ್ಲ. ಜೊತೆಗೆ, ದೊಡ್ಡ ಕಂಪನಿಗಳು ಸರಿಪಡಿಸಿದ ತಂತ್ರಾಂಶವೇ ಅಲ್ಲಿಗೂ ಹೋಯಿತು. ಆದರೂ ಕೆಲವೆಡೆ ಅಗತ್ಯಕ್ಕಿಂತ ಹೆಚ್ಚು ಖರ್ಚಾಗಿರಬಹುದೆಂದು ಒಪ್ಪಬೇಕು. ಭಯ ದೊಡ್ಡದಾದಾಗ ಲೆಕ್ಕ ಸಡಿಲವಾಗುತ್ತದೆ.

ನಿಜವಾಗಿಯೂ ಬರಿದೇ ಆದ ಕೂಗು

ಜನರಿಗೆ ಅನುಮಾನ ಬಂದದ್ದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಹಿಂದೆ ಅವರು ಒಮ್ಮೆ ಹೆದರಿ ಮೋಸಹೋಗಿದ್ದರು. 1992ರಲ್ಲಿ ‘ಮೈಕೆಲಾಂಜೆಲೊ’ ಎಂಬ ಕಂಪ್ಯೂಟರ್ ವೈರಸ್ಸಿನ ಸುದ್ದಿ ಹಬ್ಬಿತು. ಫ್ಲಾಪಿಗಳ ಮೂಲಕ ಹರಡುವ ಈ ಪ್ರೋಗ್ರಾಮು ವರ್ಷವಿಡೀ ಸುಮ್ಮನಿದ್ದು, ಆ ಹೆಸರಿನ ಕಲಾವಿದನ ಜನ್ಮದಿನವಾದ ಮಾರ್ಚ್ 6ರಂದು ಡಿಸ್ಕಿನ ಮಾಹಿತಿಯನ್ನು ಅಳಿಸುತ್ತಿತ್ತು. ಐವತ್ತು ಲಕ್ಷ ಕಂಪ್ಯೂಟರುಗಳು ಹಾಳಾದಾವು ಎಂಬ ಅಂಕಿ ಪತ್ರಿಕೆಗಳಲ್ಲಿ ಓಡಾಡಿತು. ಮಾರ್ಚ್ 6 ಬಂತು, ಹೋಯಿತು. ಕೆಟ್ಟವು ಹತ್ತಿಪ್ಪತ್ತು ಸಾವಿರ ಮಾತ್ರ ಎಂದು ಅಂದಾಜು.

ಇಲ್ಲೂ ವೈರಸ್ ಸುಳ್ಳಲ್ಲ, ಸುಳ್ಳಾದದ್ದು ಅಂಕಿ. ಅದು ವೈರಸ್ ನಿವಾರಕ ತಂತ್ರಾಂಶದ ವ್ಯಾಪಾರಿ ಜಾನ್ ಮ್ಯಾಕಫಿ ಅವರ ಹೆಸರಿನಲ್ಲಿ ಹರಡಿದ ಅಂಕಿ. ಔಷಧಿ ಮಾರುವವರೇ ರೋಗಿಗಳ ಸಂಖ್ಯೆಯನ್ನೂ ಹೇಳಿದರೆ ಕೇಳುವವರು ಒಂದು ಕ್ಷಣ ನಿಲ್ಲಬೇಕಲ್ಲವೇ?

ಮುನ್ಸೂಚನೆಯೇ ಇಲ್ಲದೆ ಬರುವ ಪೆಟ್ಟೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ದೋಷಪೂರಿತ ಕಡತವೊಂದರಿಂದ ಸುಮಾರು 85 ಲಕ್ಷ ಕಂಪ್ಯೂಟರುಗಳು ನಿಂತುಹೋದವು. ನಮ್ಮ ದೇಶದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಹಿಂದಿನ ದಿನದ ಪತ್ರಿಕೆಯಲ್ಲಿ ಅದರ ಸುಳಿವೂ ಇರಲಿಲ್ಲ.

ಹೀಗೆ, ತಲೆಬರಹದ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ನೇರ ಸಂಬಂಧವಿಲ್ಲ. ಸುದ್ದಿಗೆ ಸದ್ದು ಬೇಕು, ದುರಸ್ತಿಗೆ ಸದ್ದಿಲ್ಲ. ಊರ ಕೆರೆಯ ಏರಿ ಒಡೆದರೆ ಎಲ್ಲರಿಗೂ ಗೊತ್ತಾಗುತ್ತದೆ. ಮಳೆಗಾಲಕ್ಕೆ ಮುಂಚೆ ಬಿರುಕು ಮುಚ್ಚಿದವರ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಏರಿ ಒಡೆಯಲಿಲ್ಲವಾದ್ದರಿಂದ ಬಿರುಕೇ ಇರಲಿಲ್ಲ ಎನ್ನುವುದು ತರ್ಕವಲ್ಲ.

ಮುಂದಿನ ಗಡುವು

ಕಂಪ್ಯೂಟರಿನ ಬಗ್ಗೆ ಭಯದ ಸುದ್ದಿ ಬಂದಾಗ ಮನೆಯಲ್ಲಿ ಕುಳಿತು ಮೂರು ಪ್ರಶ್ನೆ ಕೇಳಿಕೊಳ್ಳಬಹುದು. ಕೆಡುವುದು ಏನು, ಏಕೆ ಎಂದು ಸುದ್ದಿ ವಿವರಿಸಿದೆಯೇ? ಅಂಕಿ ಹೇಳಿದವರಿಗೆ ಅದರಿಂದ ಲಾಭವಿದೆಯೇ? ದುರಸ್ತಿಗೆ ಯಾರು, ಏನು ಮಾಡುತ್ತಿದ್ದಾರೆ? ಮೂರನೆಯದಕ್ಕೆ ಉತ್ತರ ಕೊಡುವ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಪ್ರಶ್ನೆಗಳನ್ನು ಪ್ರಯೋಗಿಸಲು ಒಂದು ಅವಕಾಶ ಮುಂದೆಯೇ ಇದೆ. ಅನೇಕ ಕಂಪ್ಯೂಟರುಗಳು ಸಮಯವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ ಎಣಿಸುತ್ತವೆ. 32 ಬಿಟ್‌ಗಳ ಜಾಗದಲ್ಲಿ ಈ ಎಣಿಕೆಯನ್ನು ಇಡುವ ಹಳೆಯ ಪದ್ಧತಿಯಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಆ ಸಂಖ್ಯೆ ಮುಟ್ಟುವುದು 2038ರ ಜನವರಿ 19ರಂದು, ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರು ಸೆಕೆಂಡಿಗೆ ಆ ಗಡಿಯಾರ 1901ಕ್ಕೆ ಹಾರುತ್ತದೆ. ಮದ್ದು ಗೊತ್ತಿದೆ: 64 ಬಿಟ್‌ಗಳ ಜಾಗ ಕೊಡುವುದು. ಹೊಸ ಕಂಪ್ಯೂಟರುಗಳಲ್ಲಿ ಬಹುಮಟ್ಟಿಗೆ ಅದು ಆಗಿದೆ. ಯಂತ್ರಗಳೊಳಗೆ ಹುದುಗಿ ಮರೆತುಹೋಗಿರುವ ಹಳೆಯ ಚಿಪ್ಪುಗಳನ್ನು ಹುಡುಕುವ ಕೆಲಸ ಉಳಿದಿದೆ.

ಇಂದು ಎಂಟನೇ ತರಗತಿಯಲ್ಲಿರುವ ಮಕ್ಕಳಿಗೆ ಆಗ ಇಪ್ಪತ್ತೈದರ ಆಸುಪಾಸು. ಅವರಲ್ಲೇ ಕೆಲವರು ಆ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಬೇಕಾದೀತು. ತಿದ್ದಿದ್ದು ಸರಿಯಾದರೆ ಆ ದಿನ ಏನೂ ಆಗುವುದಿಲ್ಲ. ಮರುದಿನ ಯಾರೋ ಪತ್ರಿಕೆ ಬಿಡಿಸಿ, ಅದೆಲ್ಲ ಸುಳ್ಳಾಗಿತ್ತು ಬಿಡಿ ಎನ್ನುತ್ತಾರೆ. ತಿದ್ದಿದವರಿಗೆ ಮಾತ್ರ ನಿಜ ಗೊತ್ತಿರುತ್ತದೆ.