ಗಣ್ಯರು ಉಪಸ್ಥಿತರಿದ್ದರು, ಆಟವೆಲ್ಲಿತ್ತು?

1975ರ ಜನವರಿಯಲ್ಲಿ ಮದರಾಸಿನ ಚೆಪಾಕ್ ಅಂಗಳದಲ್ಲಿ ಜಿ.ಆರ್. ವಿಶ್ವನಾಥ್ ಔಟಾಗದೆ 97 ರನ್ ಹೊಡೆದರು. ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸ್ ಅದು. ತಂಡದ ಮೊತ್ತ 190. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬರದೇ. ಶತಕವೂ ಆಗದ ಈ ಆಟವನ್ನು ಇವತ್ತಿಗೂ ಹೊಗಳುವವರಲ್ಲಿ ಬಹುಪಾಲು ಜನ ಅದನ್ನು ಕಂಡವರಲ್ಲ. ಮನೆಯಲ್ಲಿ ಕೂತು ಕಾಣುವುದಕ್ಕೆ ದಾರಿಯೂ ಇರಲಿಲ್ಲ. ಮದರಾಸಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದೇ ಆ ವರ್ಷದ ಆಗಸ್ಟ್‌ನಲ್ಲಿ.

ಅಂದಮೇಲೆ ಆ 97 ನಮ್ಮವರೆಗೆ ಬಂದದ್ದು ಮಾತಿನ ಮೇಲೆ ಸವಾರಿ ಮಾಡಿಕೊಂಡು. ರೇಡಿಯೊದವರು ಆಡಿದ್ದು, ಪತ್ರಿಕೆಯವರು ಬರೆದದ್ದು. ಕಡೂರು, ಅಜ್ಜಂಪುರ, ತರೀಕೆರೆಯ ಜನಕ್ಕೆ ಇದರಲ್ಲಿ ಸ್ವಲ್ಪ ಹೆಚ್ಚಿನ ಹಕ್ಕಿದೆ ಎನ್ನಿ. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ; ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿದ ಮೇಲೆ ಸಿಗುವ ದೊಡ್ಡ ನಿಲ್ದಾಣ ಅದು. ಬೆಳೆದದ್ದು, ಆಡಿದ್ದು ಬೆಂಗಳೂರಿನಲ್ಲಾದರೂ ಪಕ್ಕದೂರಿನ ಹುಡುಗನೆಂದು ಹೇಳಿಕೊಳ್ಳುವುದನ್ನು ನಾವು ಬಿಟ್ಟವರಲ್ಲ.

ಅದೇ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಬಂತು. ಆದರೆ ಟೆಸ್ಟ್ ಪಂದ್ಯದ ಕಾಮೆಂಟರಿ ಇಂಗ್ಲಿಷ್, ಹಿಂದಿಗಳಲ್ಲಿ. ಅಡಿಕೆ ತೋಟದಲ್ಲಿ, ತೆಂಗಿನ ಬುಡದಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡವನಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಜನರ ಗದ್ದಲದಿಂದ ಊಹಿಸುತ್ತಿದ್ದ. ಮೊದಲು ಹೋ ಎಂಬ ಸದ್ದು, ಆಮೇಲೆ ಏನಾಯಿತೆಂಬ ವಿವರಣೆ. ನಡುವಿನ ಆ ಒಂದು ಕ್ಷಣದಲ್ಲಿ ವಿಕೆಟ್ ಬಿತ್ತೋ ಬೌಂಡರಿ ಹೋಯಿತೋ ಗೊತ್ತಾಗದೆ ಎದೆ ಹೊಡೆದುಕೊಳ್ಳುತ್ತಿತ್ತು. ಹಳೆಯದೆಲ್ಲ ಚೆಂದವಿತ್ತು ಎನ್ನುವವನಲ್ಲ ನಾನು. ಆ ಕಾಮೆಂಟರಿಯಲ್ಲಿ ತಪ್ಪು, ಬಡಬಡಿಕೆ ಬೇಕಾದಷ್ಟಿದ್ದವು. ಆದರೆ ಒಳ್ಳೆಯ ಕಾಮೆಂಟರಿಯವನು ಒಂದು ಶಿಸ್ತನ್ನು ಬಿಡುತ್ತಿರಲಿಲ್ಲ. ಕೇಳುವವನು ಮೈದಾನದಲ್ಲಿಲ್ಲ ಎಂಬುದು ಅವನಿಗೆ ಸದಾ ನೆನಪಿರುತ್ತಿತ್ತು. ಫೀಲ್ಡರ್ ಎಲ್ಲಿ ನಿಂತಿದ್ದಾನೆ, ಬೌಲರ್ ಯಾವ ತುದಿಯಿಂದ ಬರುತ್ತಿದ್ದಾನೆ, ನೆರಳು ಪಿಚ್ಚಿನ ಮೇಲೆ ಬಂತೆ, ಎಲ್ಲವನ್ನೂ ಹೇಳಲೇಬೇಕಿತ್ತು. ದೊಡ್ಡ ಆಟದ ದೊಡ್ಡ ವರದಿಗಾರಿಕೆಯನ್ನು ಅಳೆಯುವುದಿದ್ದರೆ ನಾನು ಇದರಿಂದಲೇ ಅಳೆಯುತ್ತೇನೆ: ಅಲ್ಲಿಲ್ಲದವನಿಗೆ ಏನು ಸಿಕ್ಕಿತು?

1983ರ ವಿಶ್ವಕಪ್‌ನಲ್ಲಿ, ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅಜೇಯ 175 ಹೊಡೆದರು. ಮುರಿಯದ ಒಂಬತ್ತನೇ ವಿಕೆಟ್ಟಿಗೆ 126 ರನ್ ಸೇರಿತು. ಆ ಕಡೆ ನಿಂತಿದ್ದವರು ನಮ್ಮ ಸೈಯದ್ ಕಿರ್ಮಾನಿ, 24 ರನ್ ಮಾಡಿ. ಅಂದು ಅಲ್ಲಿ ಬಿಬಿಸಿಯ ಕ್ಯಾಮೆರಾ ಇರಲಿಲ್ಲ. ಮುಂದೆ ಆ ವಿಶ್ವಕಪ್ ಕುರಿತ 2021ರ ಸಿನಿಮಾದವರು ಆ ಇನಿಂಗ್ಸನ್ನು ಹೊಸದಾಗಿ ಆಡಿಸಿ ತೋರಿಸಬೇಕಾಯಿತು. ಕಪಿಲ್ ಹೊಡೆತಗಳ ವಿಷಯ ಹೇಗೂ ಜನರ ಬಾಯಲ್ಲಿ ಉಳಿಯಿತು. ಕಿರ್ಮಾನಿಯ 24ರ ಬಗ್ಗೆ ಅಷ್ಟು ಮಾತು ಇಲ್ಲ. ಚಿತ್ರವಿಲ್ಲದಿದ್ದಾಗ ಮೊದಲು ಕಳೆದುಹೋಗುವವನು ಇನ್ನೊಂದು ತುದಿಯಲ್ಲಿ ನಿಂತವನೇ.

ಕ್ಯಾಮೆರಾ ಬಂದ ಮಾತ್ರಕ್ಕೆ ಎಲ್ಲ ಕಂಡಿತೆಂದೂ ಅಲ್ಲ. ಬಹಳ ಕಾಲ ಪಿಚ್ಚಿನ ಒಂದೇ ತುದಿಯಿಂದ ಕ್ರಿಕೆಟ್ ತೋರಿಸುತ್ತಿದ್ದರು. ಓವರ್ ಬಿಟ್ಟು ಓವರ್ ಬ್ಯಾಟ್ಸ್‌ಮನ್ನಿನ ಬೆನ್ನೇ ಕಾಣುತ್ತಿತ್ತು. 1977ರಲ್ಲಿ ಆಸ್ಟ್ರೇಲಿಯಾದ ಟಿವಿ ಉದ್ಯಮಿ ಕೆರಿ ಪ್ಯಾಕರ್ ತಾನೇ ಏರ್ಪಡಿಸಿದ ಪಂದ್ಯಗಳಿಗೆ ಎರಡೂ ತುದಿಯಲ್ಲಿ ಕ್ಯಾಮೆರಾ ಇಡಿಸಿದ. ದುಡ್ಡಿಗಾಗಿಯೇ ಮಾಡಿದ್ದು, ಆದರೂ ನೋಡುವವನಿಗೆ ನ್ಯಾಯ ಸಿಕ್ಕಿತು.

2018ರ ಐಪಿಎಲ್ ಹೊತ್ತಿಗೆ ಟಿವಿಯಲ್ಲಿ ಕನ್ನಡ ಕಾಮೆಂಟರಿಯೂ ಬಂತು. ವಿಜಯ್ ಭಾರದ್ವಾಜ್ ಅವರಂಥ ಟೆಸ್ಟ್ ಆಡಿದವರು ಕನ್ನಡದಲ್ಲೇ ಸ್ಪಿನ್ನಿನ ಮರ್ಮ ಬಿಡಿಸುವುದನ್ನು ಕೇಳಿದರೆ ಹಿತವಾಗುತ್ತದೆ. ಆದರೆ ಸಿಕ್ಸರ್ ಬಿದ್ದ ತಕ್ಷಣ ಎಲ್ಲರೂ ಒಟ್ಟಿಗೆ ಕಿರುಚುವುದೇತಕ್ಕೆ? ಚೆಂಡು ಗೆರೆ ದಾಟಿದ್ದನ್ನು ಕಣ್ಣೇ ನೋಡಿತಲ್ಲ. ಮಿಡ್‌ವಿಕೆಟ್ಟಿನವನನ್ನು ಹಿಂದಿನ ಎಸೆತಕ್ಕೆ ಯಾಕೆ ಸರಿಸಿದರು, ಅದನ್ನು ಹೇಳಿ.

ಇನ್ನು ನಮ್ಮ ಮನೆಯಂಗಳಕ್ಕೆ ಬರೋಣ. ತರೀಕೆರೆಯಲ್ಲಿ ದಸರೆಗೆ ಕುಸ್ತಿ ನಡೆಯುತ್ತದೆ. ಹೊರಗಿನ ಪೈಲ್ವಾನರು ಬರುತ್ತಾರೆ, ಜನ ಅಖಾಡದ ಸುತ್ತ ಒತ್ತಿಕೊಂಡು ನಿಲ್ಲುತ್ತಾರೆ. ಇಂಥ ಊರಾಟಗಳ ಸುದ್ದಿಯನ್ನು ಜಿಲ್ಲಾ ಪುಟದಲ್ಲಿ ಓದಿ ನೋಡಿ. ಉದ್ಘಾಟಿಸಿದವರು, ಕ್ರೀಡೆಯಿಂದ ಆರೋಗ್ಯ ವೃದ್ಧಿಸುತ್ತದೆ ಎಂಬ ಅವರ ಮಾತು, ಅಧ್ಯಕ್ಷತೆ ವಹಿಸಿದವರು, ಆಮೇಲೆ ಹನ್ನೆರಡು ಹೆಸರು, ಕೊನೆಗೆ ‘ಉಪಸ್ಥಿತರಿದ್ದರು’. ಗೆದ್ದವನ ಹೆಸರು ಕೊನೆಯ ಸಾಲಿನಲ್ಲಿ ಬಂದರೆ ಪುಣ್ಯ. ಯಾವ ಪಟ್ಟಿಗೆ ಎದುರಾಳಿ ಚಿತ್ತಾದ, ಎಷ್ಟು ಹೊತ್ತು ಹಿಡಿಯಿತು, ಸಮಬಲವೆಂದು ಬಿಡಿಸಿದಾಗ ಜನ ಯಾಕೆ ಗಲಾಟೆ ಮಾಡಿದರು, ಇದ್ಯಾವುದೂ ಇಲ್ಲ. ಫೋಟೊದಲ್ಲೂ ಪೈಲ್ವಾನರ ಕೈ ಹಿಡಿದ ಗಣ್ಯರು ಕ್ಯಾಮೆರಾ ನೋಡುತ್ತಿರುತ್ತಾರೆ.

ವರದಿಗಾರರನ್ನೇ ಬೈದು ಪ್ರಯೋಜನವಿಲ್ಲ. ತಾಲ್ಲೂಕಿನಲ್ಲಿ ಅಪಘಾತ, ಪ್ರತಿಭಟನೆ, ಸಾಮಾನ್ಯ ಸಭೆ, ಬೆಳೆಹಾನಿ ಎಲ್ಲಕ್ಕೂ ಓಡುವವರು ಒಬ್ಬಿಬ್ಬರು. ಜಾಹೀರಾತು ತರುವುದೂ ಅವರ ತಲೆಗೇ ಕಟ್ಟಿರುತ್ತದೆ, ಅದನ್ನು ಕೊಡುವವರು ವೇದಿಕೆಯ ಮೇಲಿರುತ್ತಾರೆ. ಆದರೆ ಅಖಾಡದ ಅಂಚಿನಲ್ಲಿ ಕೂತ ಹಳೆಯ ಪೈಲ್ವಾನರಿಗೆ ಪ್ರತಿ ಪಟ್ಟಿನ ಹೆಸರೂ ಗೊತ್ತು. ಅವರ ಪಕ್ಕ ಅರ್ಧ ಗಂಟೆ ನಿಂತರೆ ಸಾಕು, ವರದಿಗೆ ಜೀವ ಬರುತ್ತದೆ. ಪತ್ರಿಕೆಯಲ್ಲಿ ಜಾಗ ಕಡಿಮೆ ಎನ್ನುವುದಾದರೆ ಗಣ್ಯರ ನಾಲ್ಕು ಹೆಸರು ತೆಗೆದ ಕಡೆ ಒಂದು ಪಟ್ಟಿನ ವಿವರ ಹಿಡಿಯುತ್ತದೆ. ಬಿಟ್ಟುಹೋದ ನಾಲ್ವರಿಂದ ಬೆಳಗ್ಗೆ ಫೋನ್ ಬರುತ್ತದೆ, ಅದಂತೂ ಖಂಡಿತ.