ಬಂದು ಹೋಗುವ ನಕ್ಷತ್ರ

ನಕ್ಷತ್ರಗಳು ಬದಲಾಗುವುದಿಲ್ಲವೆಂದು ಯುರೋಪಿನ ಪಂಡಿತರು ಬಹುಕಾಲ ನಂಬಿದ್ದರು. 1596ರ ಆಗಸ್ಟಿನಲ್ಲಿ ಜರ್ಮನಿಯ ಉತ್ತರ ಕರಾವಳಿ ಸೀಮೆಯ ಲುಥೆರನ್ ಪಾಸ್ಟರ್ ಡೇವಿಡ್ ಫ್ಯಾಬ್ರಿಸಿಯಸ್ ಅವರು ತಿಮಿಂಗಿಲ ಎಂಬ ನಕ್ಷತ್ರಪುಂಜದಲ್ಲಿ ಅದುವರೆಗೆ ಕಾಣದ ಒಂದು ನಕ್ಷತ್ರವನ್ನು ಕಂಡರು. ಕೆಲವೇ ವಾರಗಳಲ್ಲಿ ಅದು ಮಂಕಾಗಿ ಮಾಯವಾಯಿತು. ದೂರದರ್ಶಕ ಇನ್ನೂ ಬಂದಿರದ ಕಾಲ. ಆರಿಯೇಹೋಯಿತೆಂದು ಅವರು ತಿಳಿದರು. 1609ರ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಮತ್ತೆ ಕಂಡಿತು! ನಡುವೆ ಅದು ಹತ್ತಕ್ಕೂ ಹೆಚ್ಚು ಬಾರಿ ಬಂದು ಹೋಗಿತ್ತು.

ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಅದು ಬೆಳಗುತ್ತದೆಂದು 1638ರ ಬಳಿಕ ಹಾಲೆಂಡಿನ ಹೋಲ್ವಾರ್ಡಾ ತಿಳಿಸಿದರು. ಹೆವೆಲಿಯಸ್ ಅದಕ್ಕೆ ‘ಮೀರಾ’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ‘ಅಚ್ಚರಿಯದು’ ಎಂದರ್ಥ. ನಮ್ಮ ಮೀರಾಬಾಯಿಗೂ ಇದಕ್ಕೂ ನಂಟಿಲ್ಲ.

ಮೀರಾ ಮುಪ್ಪಾದ ಕೆಂಪುದೈತ್ಯ. ಅದು ಉಬ್ಬುತ್ತದೆ, ಕುಗ್ಗುತ್ತದೆ. ತಣ್ಣಗಾದಾಗ ಅದರ ಹೊರಪದರದಲ್ಲಿ ಟೈಟಾನಿಯಂ ಆಕ್ಸೈಡ್ ಕೂಡಿಕೊಂಡು ಬೆಳಕನ್ನು ತಡೆಯುತ್ತದೆ. ಸುಮಾರು 500 ಕೋಟಿ ವರ್ಷಗಳ ಬಳಿಕ ನಮ್ಮ ಸೂರ್ಯನೂ ಕೆಂಪುದೈತ್ಯನಾಗುತ್ತಾನೆ. ಅವನ ಮುಪ್ಪು ಹೇಗಿರಬಹುದೆಂದು ನಾವು ಈಗಲೇ ಅಲ್ಲಿ ನೋಡುತ್ತಿದ್ದೇವೆ.

ಡಿಸೆಂಬರ್ ರಾತ್ರಿ ಮಕ್ಕಳೊಡನೆ ಅಂಗಳಕ್ಕಿಳಿದು ಮೇಷ ರಾಶಿಯ ದಕ್ಷಿಣಕ್ಕೆ ಹುಡುಕೋಣ. ವರ್ಷದ ಬಹುಭಾಗ ಅಲ್ಲಿ ಬರಿಗಣ್ಣಿಗೆ ಏನೂ ಸಿಗದು. ಸಿಗದಿದ್ದರೂ ಜಾಗ ಗುರುತಿಟ್ಟುಕೊಂಡಿರೋಣ.