ಮೈದನಹಳ್ಳಿಯ ಬಯಲಿಗೆ ಬರುವವರಲ್ಲಿ ಒಂದು ಮನವಿ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹಕ್ಕಿ ನೋಡಲು ಬರುವ ಸ್ನೇಹಿತರೇ, ನೀವು ಬರುತ್ತಿರುವುದು ದೊಡ್ಡ ಕಾಡಿಗಲ್ಲ. ಆಂಧ್ರದ ಗಡಿಯಂಚಿನ ಈ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇರುವುದೇ 798 ಎಕರೆ. 2007ರಲ್ಲಿ ಮೀಸಲಿನ ಮಾನ್ಯತೆ ಸಿಕ್ಕ ಈ ಹುಲ್ಲುಬಯಲಿನ ಸುತ್ತ ಇರುವುದೆಲ್ಲ ರೈತರ ಹೊಲ. ಇಲ್ಲಿಂದ ಓಡಿಸಿದ ಹಕ್ಕಿಗೆ ಹೋಗಲು ಇನ್ನೊಂದು ಬಯಲು ಹತ್ತಿರದಲ್ಲಿಲ್ಲ.

ದಯವಿಟ್ಟು ದಾರಿ ಬಿಟ್ಟು ಗಾಡಿ ಇಳಿಸಬೇಡಿ. ಫೋಟೊಕ್ಕಾಗಿ ಹುಲ್ಲಿನ ಮೇಲೆ ಜೀಪು ಓಡಿಸುವವರು ಚಕ್ರದ ಕೆಳಗೆ ಏನಿದೆಯೆಂದು ನೋಡುವುದಿಲ್ಲ. ಹಳದಿ ಟಿಟ್ಟಿಭ ಗೂಡು ಕಟ್ಟುವ ಹಕ್ಕಿಯಲ್ಲ. ಸುಡು ಬೇಸಿಗೆಯಲ್ಲಿ, ಬರಿ ನೆಲದ ಸಣ್ಣ ತಗ್ಗಿನಲ್ಲಿ ಮೊಟ್ಟೆ ಇಡುತ್ತದೆ; ಸಾಮಾನ್ಯವಾಗಿ ನಾಲ್ಕು. ಸುತ್ತಲಿನ ಹರಳುಕಲ್ಲಿಗೂ ಅವಕ್ಕೂ ವ್ಯತ್ಯಾಸ ಕಾಣದು. ಬಿಸಿಲೇರಿದಾಗ ತಾಯಿಹಕ್ಕಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವುದುಂಟು. ನೀವು ಹತ್ತಿರ ಹೋದಷ್ಟು ಹೊತ್ತೂ ಅದು ಮೇಲೆ ಕೂಗುತ್ತ ಸುತ್ತುತ್ತದೆ, ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಹಕ್ಕಿ ಹಾಗೆ ಕೂಗಿತೆಂದರೆ ಕ್ಯಾಮೆರಾ ಇಳಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. ಮೊಟ್ಟೆಯಿಟ್ಟ ಜಾಗವನ್ನು ವಾಟ್ಸಾಪ್‌ ಗುಂಪುಗಳಿಗೆ ಹಾಕಬೇಡಿ. ಕೌಜುಗವನ್ನು ಹೊರಗೆ ಕರೆಯಲು ಮೊಬೈಲಿನಲ್ಲಿ ಅದರ ದನಿ ಹಾಕುವುದನ್ನೂ ನಿಲ್ಲಿಸಿ.

ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾಡುಗಳಿಂದ ಹ್ಯಾರಿಯರ್ ಗಿಡುಗಗಳು ನಮ್ಮ ಬಯಲುಸೀಮೆಗೆ ಬರುತ್ತವೆ. ಅವು ರಾತ್ರಿ ಕಳೆಯುವುದು ಮರದಲ್ಲಲ್ಲ, ಹುಲ್ಲಿನ ನಡುವೆ, ನೆಲದ ಮೇಲೆ. ಹೊತ್ತು ಮುಳುಗುವ ಮೊದಲೇ ಬಯಲು ಬಿಟ್ಟುಬಿಡಿ.

ಇನ್ನೊಂದು ಮಾತನ್ನು ಒಳ್ಳೆಯ ಮನಸ್ಸಿನವರಿಗೇ ಹೇಳಬೇಕಾಗಿದೆ. ಮುಂಗಾರು ಬಂತೆಂದರೆ ಬೀಜದುಂಡೆ, ಸಸಿ ಹಿಡಿದು ಬಯಲಿನತ್ತ ಹೊರಡುವ ಶಾಲೆಗಳೇ, ಕಂಪನಿಗಳೇ, ಸಂಘಗಳೇ, ದಯಮಾಡಿ ಇಲ್ಲಿ ಗಿಡ ನೆಡಬೇಡಿ. ಇದು ಮರ ಕಳೆದುಕೊಂಡ ಬೀಳು ಭೂಮಿಯಲ್ಲ. ಹುಲ್ಲೇ ಇದರ ಕಾಡು. ರಾಣೆಬೆನ್ನೂರಿನಲ್ಲಿ ಏನಾಯಿತೆಂದು ನೆನೆಯಿರಿ. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಓಡಾಡುತ್ತಿದ್ದ ಬಯಲಿನಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ ಅದು ಅಭಯಾರಣ್ಯವಾಯಿತು, ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ. ದೂರ ಕಾಣದ ಕಡೆ ಆ ಹಕ್ಕಿ ನಿಲ್ಲುವುದಿಲ್ಲ. ಮೈದನಹಳ್ಳಿಯಲ್ಲೂ ನೀಲಗಿರಿ ಈಗಾಗಲೇ ಒಂದಷ್ಟು ಜಾಗ ಹಿಡಿದಿದೆ. ನಿಮ್ಮ ಸಸಿಗಳು ಊರ ರಸ್ತೆಗೆ, ಶಾಲೆಯ ಅಂಗಳಕ್ಕೆ, ಕೇಳಿದ ರೈತರ ಬದುವಿಗೆ ಬೇಕಾಗಿವೆ.

ಸುತ್ತಲ ಹಳ್ಳಿಗಳ ಅಣ್ಣಂದಿರೇ, ಅಕ್ಕಂದಿರೇ, ಜಿಂಕೆ ಬೆಳೆಗೆ ಬಿದ್ದಾಗಿನ ನಷ್ಟ ನಿಮ್ಮದು, ಇಲ್ಲಿ ಬಂದು ಸಂತೋಷಪಡುವವರು ನಾವು. ಆದ್ದರಿಂದ ನಿಮ್ಮನ್ನು ಕೇಳುವಾಗ ಸಂಕೋಚವಾಗುತ್ತದೆ. ಆದರೂ ಕೇಳುತ್ತೇವೆ: ಮರಿಯಾಗುವ ತಿಂಗಳುಗಳಲ್ಲಿ ನಾಯಿಗಳನ್ನು ಬಯಲಿಗೆ ಬಿಡಬೇಡಿ, ಉರುಲು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ನಿಮ್ಮ ಹೊಲದ ಮಿಡತೆ ತಿನ್ನುವ ಹಕ್ಕಿಗಳು ಮಲಗುವುದು ಈ ಹುಲ್ಲಿನಲ್ಲೇ. ಬೆಳೆ ಪರಿಹಾರದ ಅರ್ಜಿ ಬರೆಯಲು, ಕಚೇರಿಗೆ ಅಲೆಯಲು ಪಕ್ಷಿವೀಕ್ಷಕರು ನಿಮ್ಮ ಜೊತೆ ನಿಲ್ಲಬೇಕು. ಅದನ್ನು ಪಟ್ಟಣದ ಗೆಳೆಯರಲ್ಲಿ ನಾನು ಒತ್ತಿ ಕೇಳುತ್ತಿದ್ದೇನೆ.

ನೋಡಿದ್ದನ್ನು ಇ-ಬರ್ಡ್‌ನಲ್ಲಿ ದಾಖಲಿಸಿ. ಅಪರೂಪದ್ದನ್ನಷ್ಟೇ ಅಲ್ಲ, ನೆಲಗುಬ್ಬಿಯನ್ನೂ ಎಣಿಸಿ ಬರೆಯಿರಿ. ಪ್ರತಿ ಫೆಬ್ರವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಈ ಬಾರಿ ಇಲ್ಲಿಗೆ ಬರುವುದಾದರೆ, ಅಕ್ಕಪಕ್ಕದ ಊರಿನ ಶಾಲೆಯ ನಾಲ್ಕು ಮಕ್ಕಳನ್ನು ಮೇಷ್ಟ್ರ ಒಪ್ಪಿಗೆ ಪಡೆದು ಜೊತೆಗೆ ಕರೆದುಕೊಂಡು ಬನ್ನಿ. ಬೈನಾಕ್ಯುಲರ್ ಮೊದಲು ಅವರ ಕೈಗೆ ಕೊಡಿ.